ಗಾಡಿ ನಿಂತರೆ ನೂಕು

ನಮ್ಮ ಮನೆಯಲ್ಲಿ ಗೊರಕೆ ಹೊಡೆಯುವವರು ಮಾವ ಎಂದು ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಯಾರ ಮನೆಗೆ ಹೋದರೂ ಅತ್ತೆ ಮಾವನಿಗೆ ತೀರಾ ಹಿಂದಿನ ಕೋಣೆಯೇ ಮೀಸಲು. ಬೆಳಿಗ್ಗೆ ಎದ್ದವರು, "ರಾತ್ರಿಯೆಲ್ಲ ಮರದ ಮಿಲ್ಲು ಜೋರಾಗಿ ನಡೀತಲ್ಲ" ಎಂದು ಕಾಲೆಳೆದರೆ ಮಾವ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು, "ಮೂಗಿನ ದೋಷ, ಹೊಟ್ಟೆಗೆ ಹಾಕ್ಕೊಳ್ಳಿ" ಎನ್ನುತ್ತಿದ್ದರು. ಅತ್ತೆ ಪಕ್ಕದಲ್ಲೇ ಕೂತು, "ನಾನಾಗಿದ್ದಕ್ಕೆ ಸರಿಹೋಯ್ತು. ಬೇರೆಯವಳಾಗಿದ್ರೆ ಯಾವತ್ತೋ ತವರಿಗೆ ಹೋಗಿರ್ತಿದ್ಳು" ಎಂದು ಆ ಮಾತಿಗೆ ಮಂಗಳ ಹಾಡುತ್ತಿದ್ದರು.

ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ನಂಬಿದ್ದೆ. ಒಂದು ಸಲ ನಡುರಾತ್ರಿ ಬಾಯಾರಿ ಅಡುಗೆಮನೆಗೆ ಬಂದರೆ ಮಾವ ಅಲ್ಲಿ ನಿಂತು ನೀರು ಕುಡಿಯುತ್ತಿದ್ದರು. ಅವರ ಕೋಣೆಯಲ್ಲಿ ಮಿಲ್ಲು ನಡೆಯುತ್ತಲೇ ಇತ್ತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮಾವ ತುಟಿಯ ಮೇಲೆ ಬೆರಳಿಟ್ಟು, ಲೋಟ ತೊಳೆದು ಬೋರಲು ಹಾಕಿ, ಮತ್ತೆ ಮಿಲ್ಲಿನೊಳಕ್ಕೆ ಹೋದರು.

ಮರುದಿನ ಇವರನ್ನು ಕೇಳಿದೆ. "ನಮಗೆಲ್ಲ ಗೊತ್ತು ಕಣೆ, ಅಮ್ಮನಿಗೊಬ್ಬಳಿಗೆ ಗೊತ್ತಿಲ್ಲ" ಎಂದರು. ಅತ್ತೆ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ ಆಗಿದ್ದವರು. ಸೀರೆಯ ನೆರಿಗೆ ಕದಲಬಾರದು, ತಲೆಯ ಕೂದಲು ಹಾರಬಾರದು, ನಾಲ್ಕು ಜನರ ಮುಂದೆ ಆಕಳಿಸಿದರೂ ಅಪರಾಧ. ಅಂಥವರಿಗೆ ಗೊರಕೆ ಎಂದರೆ ಯಾರು ನಂಬುತ್ತಾರೆ? ಕಡ್ಡಿಯಂಥ ಮೈ ಬೇರೆ. ಎಂದೋ ಒಮ್ಮೆ ಯಾರೋ ನಕ್ಕಾಗ ಮಾವ ಅದನ್ನು ತಮ್ಮ ತಲೆಗೆ ಹಾಕಿಕೊಂಡರಂತೆ. ಆಮೇಲೆ ಇಳಿಸಿಕೊಳ್ಳಲೇ ಇಲ್ಲ.

ಹೋದ ವರ್ಷ ಮಾವ ತೀರಿಕೊಂಡರು. ಮಿಲ್ಲು ಮಾತ್ರ ನಿಲ್ಲಲಿಲ್ಲ. ಅತ್ತೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತು, "ಮನೆ ಎಷ್ಟು ಬಿಕೋ ಅನ್ನುತ್ತೆ ನೋಡು. ಅವರ ಗೊರಕೆ ಇಲ್ದೆ ನಿದ್ದೆನೇ ಹತ್ತಲ್ಲ" ಎನ್ನುವರು. ನಾನು ಇವರ ಮುಖ ನೋಡುವೆ, ಇವರು ಗೋಡೆ ನೋಡುವರು. ಒಂಟಿಯಾಗಿ ಮಲಗುವುದು ಬೇಡವೆಂದು ನಮ್ಮ ಪುಟ್ಟಿ ಅಜ್ಜಿಯ ಪಕ್ಕ ಸೇರಿಕೊಂಡಳು. ಐದು ತುಂಬದ ಮಗು, ಡೋಲು ಬಾರಿಸಿದರೂ ಏಳದ ನಿದ್ದೆ, ಅವಳಿಗೇನು ತೊಂದರೆ ಎಂದು ನಾವೂ ಸುಮ್ಮನಾದೆವು.

ಹೀಗಿರುವಾಗ ಅತ್ತೆಯ ದೊಡ್ಡಕರುಳಿನಲ್ಲಿ ಸಣ್ಣದೊಂದು ಗಂಟು ಕಂಡಿತು. ಕ್ಯಾಮೆರಾದ ಕೊಳವೆ ಒಳಗೆ ಬಿಟ್ಟು ಅದನ್ನು ತೆಗೆಯಬೇಕು, ಅಷ್ಟು ಹೊತ್ತೂ ಮಂಪರಿನಲ್ಲಿ ಮಲಗಿಸಬೇಕು ಎಂದರು. ನಾನು ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಹಾಗಾಗಿ ಸಾಲಿನಲ್ಲಿ ನಿಲ್ಲದೆ ದಿನ ಸಿಕ್ಕಿತು.

ಹಿಂದಿನ ದಿನವೆಲ್ಲ ಹೊಟ್ಟೆ ತೊಳೆಯುವ ಔಷಧಿ. ಅತ್ತೆ ಕುರ್ಚಿಗೂ ಬಚ್ಚಲಿಗೂ ಓಡಾಡಿ ಸುಸ್ತಾಗಿದ್ದರು. "ನೀರು ಕುಡೀರಿ ಅತ್ತೆ" ಎಂದರೆ, "ಇನ್ನೂ ಏನು ಉಳಿದಿದೆ ಅಂತ ತೊಳೀತಿದ್ದೀರೇ? ಹಳೇ ಪಾಪಾನೂ ಹೋಯ್ತು" ಎಂದು ಗದರಿದರು. ಮನೆಯೆಂಬುದು ರೈಲು ನಿಲ್ದಾಣವಾಗಿತ್ತು. ನನಗೂ ನಿದ್ದೆಯಿಲ್ಲ. ಬೆಳಿಗ್ಗೆ ಪುಟ್ಟಿಯನ್ನು ಎದುರುಮನೆಯಲ್ಲಿ ಬಿಟ್ಟು, ಬಾಡಿಗೆ ಕಾರಿನಲ್ಲಿ ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ದಾರಿ ಹೇಳಿಕೊಡುತ್ತಿದ್ದಾಗ ಇವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಲ್ಲಿ ಗೊರಕೆ ಗಿರಕೆ ಅಂತ ವಿಷಯ ಎತ್ತಬೇಡ."

"ಕೇಳೇ ಕೇಳ್ತಾರೆ ರೀ. ಮಂಪರು ಕೊಡೋ ಮುಂಚೆ ಎಲ್ಲರಿಗೂ ಕೇಳ್ತಾರೆ."

"ಕೇಳಿದ್ರೆ ಆಮೇಲೆ ಒಬ್ಬಳೇ ಹೋಗಿ ಹೇಳು. ಅಮ್ಮನ ಮುಂದೆ ಬೇಡ. ಅಪ್ಪ ಹೋಗಿ ಇನ್ನೂ ವರ್ಷದ ಮೇಲೆ ಎಷ್ಟಾಯ್ತು? ಅವರ ನೆನಪು ಅಂತ ಇಟ್ಕೊಂಡಿರೋದೇ ಅದೊಂದು."

ಅದೂ ನಿಜವೇ. ನಾನು ಹೂಂ ಎಂದೆ.

ಮಂಪರು ಕೊಡುವ ಡಾಕ್ಟರು ನನಗೆ ಪರಿಚಯದವರೇ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ನಿದ್ದೆ ಮೇಡಂ ಎನ್ನುತ್ತಾರೆ, ಎದುರಿಗಲ್ಲ. ಮಾತು ಸುತ್ತಿಗೆಯ ಪೆಟ್ಟು, ಕೈ ಮಾತ್ರ ಹತ್ತಿ. ಹೊರಗಿನ ಕೋಣೆಯಲ್ಲಿ ಅತ್ತೆಯನ್ನು ಕೂರಿಸಿಕೊಂಡು, "ಬಾಯಿ ತೆರೀರಿ. ನಾಲಿಗೆ ಪೂರ್ತಿ ಹೊರಗೆ ಹಾಕಿ" ಎಂದರು.

"ನನ್ನ ಮುಂದೆ ನಾಲಿಗೆ ಹೊರಗೆ ಹಾಕಿದೋರನ್ನ ನಾನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ" ಎಂದರು ಅತ್ತೆ.

"ನಾನು ಮಲಗಿಸ್ತೀನಿ. ಹಾಕಿ."

ಅತ್ತೆ ನಾಲಿಗೆ ಹಾಕಿದರು. ಮೇಡಂ ಟಾರ್ಚು ಬಿಟ್ಟು ನೋಡಿ, ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು. "ದವಡೆ ಚಿಕ್ಕದು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಬಿಪಿ, ಸಕ್ಕರೆ, ಹಳೆಯ ಆಪರೇಷನ್ನು, ಕಟ್ಟಿಸಿದ ಹಲ್ಲು, ಎಲ್ಲ ಆಯಿತು.

"ಗೊರಕೆ ಹೊಡೀತೀರಾ?"

"ಇಲ್ಲ" ಎಂದರು ಅತ್ತೆ. ಸ್ವಲ್ಪ ತಡೆದು, "ನಮ್ಮ ಮನೆಯವರು ಹೊಡೀತಿದ್ರು" ಎಂದರು. ಸೆರಗಿನ ಅಂಚು ಕಣ್ಣಿಗೆ ಹೋಯಿತು.

ಮೇಡಂ ನನ್ನ ಕಡೆ ನೋಡಿದರು. "ಮನೆಯವರು ಏನಂತೀರಿ? ಏನೂ ಇಲ್ವಾ?"

ಇವರು ಹಿಂದಿನಿಂದ ನನ್ನ ಚಪ್ಪಲಿಯ ತುದಿಯನ್ನು ಬೂಟಿನಿಂದ ಒತ್ತಿದರು. ನಾನು ನಗುವಂಥದ್ದೇನೋ ಮಾಡಿದೆ, ತಲೆ ಅಲ್ಲಾಡಿಸಿದೆನೋ ಇಲ್ಲವೋ ನನಗೇ ತಿಳಿಯದು. ಅತ್ತೆಯ ಸರದಿ ಬರುವಷ್ಟರಲ್ಲಿ ಒಳಗೆ ಹೋಗಿ ಹೇಳಿದರಾಯಿತು, ಮುಂದೆ ಇನ್ನೂ ಇಬ್ಬರಿದ್ದಾರಲ್ಲ ಎಂದುಕೊಂಡೆ.

ಆದರೆ ಆ ಇಬ್ಬರಲ್ಲಿ ಒಬ್ಬರು ಬೆಳಿಗ್ಗೆ ಎದ್ದು ಹೊಟ್ಟೆ ತುಂಬ ತಿಂದು ಬಂದಿದ್ದರಂತೆ, ಇನ್ನೊಬ್ಬರು ಬಂದೇ ಇರಲಿಲ್ಲ. ನಾನು ಅತ್ತೆಯ ಬಳೆ ಉಂಗುರ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕುತ್ತಿರುವಾಗಲೇ ತಳ್ಳುಮಂಚ ಬಂದೇ ಬಿಟ್ಟಿತು. "ಹೆದರಬೇಡಿ ಅತ್ತೆ" ಎಂದೆ. "ಪರೀಕ್ಷೆ ಅಂದ್ರೆ ಹೆದರೋದು ಓದದೇ ಇದ್ದೋರು" ಎಂದರು. ಬಾಗಿಲು ಎರಡೂ ಕಡೆಯಿಂದ ಬಂದು ಮುಚ್ಚಿಕೊಂಡಿತು.

ಹೊರಗೆ ಬೆಂಚು. ಇವರು ಕೂತರು, ನಾನು ಕೂರಲಿಲ್ಲ.

"ರೀ, ಹೇಳೋಕಾಗ್ಲಿಲ್ಲ."

"ಏನೂ ಆಗಲ್ಲ ಬಿಡು. ಬೆರಳಿಗೆ ಮಿಷನ್ ಹಾಕಿರ್ತಾರೆ. ರಕ್ತದಲ್ಲಿ ಆಕ್ಸಿಜನ್ ಕಡಿಮೆ ಆದ್ರೆ ಅದು ಬಡ್ಕೊಳ್ಳುತ್ತೆ."

"ಮಿಷನ್ ಆಗಿದ್ದನ್ನ ಹೇಳುತ್ತೆ. ಆಗ್ತಾ ಇರೋದನ್ನ ಹೇಳಲ್ಲ."

"ನಿಂಗೆ ಎಲ್ಲದಕ್ಕೂ ಭಯ. ಲೋಕದಲ್ಲಿ ಅರ್ಧ ಜನ ಗೊರಕೆ ಹೊಡೀತಾರೆ."

ಅದೂ ನಿಜವೇ. ಗೋಡೆಯ ಮೇಲಿನ ಮಾಸಿದ ಚಿತ್ರ ನೋಡಿದೆ. ನೀರಿನ ಯಂತ್ರದ ನಲ್ಲಿ ತಿರುಗಿಸಿದೆ, ನೀರು ಕುಡಿಯಲಿಲ್ಲ. ಬಾಗಿಲಿನ ದುಂಡನೆಯ ಗಾಜಿಗೆ ಮುಖ ಹಚ್ಚಿದೆ, ಒಳಗಿನ ಇನ್ನೊಂದು ಬಾಗಿಲು ಕಂಡಿತು. ಕರವಸ್ತ್ರದ ಗಂಟಿನಲ್ಲಿ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಗಂಟನ್ನು ಇನ್ನಷ್ಟು ಬಿಗಿದೆ.

ಫೋನು ಬಂತು. ಎದುರುಮನೆಯವರು. ಪುಟ್ಟಿಗೆ ಏನೂ ಆಗಿರಲಿಲ್ಲ. ಅಮ್ಮನ ಜೊತೆ ಮಾತಾಡಬೇಕೆಂದು ಹಟ, ಅಷ್ಟೇ.

"ಅಮ್ಮಾ, ಅಜ್ಜಿ ಮಲಗಿದ್ರಾ?"

"ಹೂಂ ಪುಟ್ಟಿ, ಮಲಗಿಸಿದ್ದಾರೆ. ತಂಟೆ ಮಾಡ್ಬೇಡ, ಆಯ್ತಾ?"

"ಪಕ್ಕದಲ್ಲಿ ಯಾರಿದ್ದಾರೆ?"

"ಡಾಕ್ಟರ್ ಇದ್ದಾರೆ."

"ಡಾಕ್ಟರಿಗೆ ಹೇಳು, ಗಾಡಿ ನಿಂತ್ರೆ ನೂಕಬೇಕು ಅಂತ."

"ಯಾವ ಗಾಡೀನೇ?"

"ಅಜ್ಜಿ ಗಾಡಿ! ಗುರ್ ಗುರ್ ಅಂತ ಹೋಗ್ತಾ ಇರುತ್ತಲ್ಲ, ಆಮೇಲೆ ಆಫ್ ಆಗಿಬಿಡುತ್ತೆ. ಆವಾಗ ಹೆಗಲು ನೂಕಬೇಕು. ಅಜ್ಜಿ ಆ ಕಡೆ ತಿರುಗ್ತಾರೆ, ಮತ್ತೆ ಸ್ಟಾರ್ಟ್ ಆಗುತ್ತೆ."

"ನಿಂಗೆ ಯಾರು ಹೇಳಿದ್ದು?"

"ಅಜ್ಜ. 'ನಾನು ಊರಿಗೆ ಹೋದ್ಮೇಲೆ ನೀನೇ ಡ್ರೈವರು' ಅಂದಿದ್ರು. ಗುಟ್ಟು ಅದು. ನಿಂಗೊಬ್ಬಳಿಗೇ ಹೇಳ್ತಾ ಇರೋದು."

ಡೋಲು ಬಾರಿಸಿದರೂ ಏಳದ ನಿದ್ದೆ ಎಂದುಕೊಂಡಿದ್ದೆ. ಅವಳು ಬೆಳಿಗ್ಗೆ ಶಾಲೆಗೆ ಏಳಲು ಅಳುವುದೇಕೆ, ಮಧ್ಯಾಹ್ನ ತೂಕಡಿಸುವುದೇಕೆ ಎಂದು ನಾನು ಬೈದಿದ್ದು ಒಂದು ದಿನವೇ, ಎರಡು ದಿನವೇ. ಮಕ್ಕಳ ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನೇ ಹೇಳಿಕೊಡುವ ಮಾತೊಂದಿದೆ: ಅಳುವ ಮಗುವನ್ನು ಕಂಡು ಓಡಬೇಡಿ, ಅಳುತ್ತಿದ್ದು ಸುಮ್ಮನಾದ ಮಗುವಿನ ಹತ್ತಿರ ಓಡಿ. ಮನೆಯಲ್ಲಿ ಸದ್ದನ್ನು ಕೇಳಿ ನಕ್ಕವಳು ನಾನು. ಸದ್ದು ನಿಲ್ಲುವುದನ್ನು ಕೇಳಿಸಿಕೊಂಡಿದ್ದು ಮಾವ, ಆಮೇಲೆ ಈ ಮಗು.

ಗೊರಕೆ ಬೇರೆ, ನಡುವೆ ಉಸಿರು ನಿಲ್ಲುವುದು ಬೇರೆ. ಮಾಮೂಲಿ ನಿದ್ದೆಯಲ್ಲಾದರೆ ಉಸಿರು ಕಟ್ಟಿದಾಗ ಮೈ ತಾನೇ ಬೆಚ್ಚಿ ಏಳುತ್ತದೆ. ಮಂಪರಿನ ಔಷಧಿ ಆ ಬೆಚ್ಚುವುದನ್ನೂ ಮಲಗಿಸಿಬಿಡುತ್ತದೆ.

"ಎಲ್ಲಿಗೆ?" ಎಂದರು ಇವರು. ನಾನು ಆಗಲೇ ಓಡುತ್ತಿದ್ದೆ.

ಪಕ್ಕದ ಓಣಿಯಲ್ಲಿ ಸಿಬ್ಬಂದಿಯ ಬಾಗಿಲು. ಅಲ್ಲಿ ನೆಲದ ಮೇಲೆ ಕೆಂಪು ಗೆರೆ, ಗೆರೆಯಾಚೆಗೆ ಹೊರಗಿನ ಚಪ್ಪಲಿ ಬರುವಂತಿಲ್ಲ. ಗೆರೆಯ ಪಕ್ಕ ಸ್ಟೂಲು ಹಾಕಿಕೊಂಡು ಬಾಗಿಲು ಕಾಯುವ ಗೇಟಕ್ಕ. ಅವಳನ್ನು ದಾಟಿ ಇರುವೆ ಹೋಗಬೇಕಾದರೂ ಕಾಲು ತೊಳೆದಿರಬೇಕು.

"ಅಕ್ಕಾ, ಒಂದೇ ನಿಮಿಷ. ನಿದ್ದೆ ಮೇಡಂ ಹತ್ರ ಒಂದು ಮಾತು."

"ಇವತ್ತು ನೀವು ಸಿಸ್ಟರಲ್ಲ, ಪೇಷಂಟ್ ಕಡೆಯೋರು. ಯೂನಿಫಾರಂ ಎಲ್ಲಿ?"

"ಹಾಗಾದ್ರೆ ಒಳಗಡೆ ಫೋನ್ ಮಾಡಿಕೊಡಿ."

ಅವಳು ಮಾಡಿದಳು. ಒಳಗೆ ರಿಂಗಾಗುವುದು ನಮಗೂ ಕೇಳುತ್ತಿತ್ತು. ಯಾರೂ ಎತ್ತಲಿಲ್ಲ. "ಕೈ ಖಾಲಿ ಇರಲ್ಲ. ಕಾಯಿರಿ" ಎಂದಳು.

"ಕಾಯೋಕಾಗಲ್ಲ ಅಕ್ಕಾ."

"ಅಂಥಾದ್ದೇನು ಮಾತು?"

"ನಮ್ಮತ್ತೆ ಗೊರಕೆ ಹೊಡೀತಾರೆ."

ಗೇಟಕ್ಕ ಸ್ಟೂಲಿನಿಂದ ಬೀಳುವಂತೆ ನಕ್ಕಳು. "ನಮ್ಮನೇಲಿ ನಾಯೀನೂ ಹೊಡೆಯುತ್ತೆ! ಅತ್ತೆ ಮೇಲೆ ಚಾಡಿ ಹೇಳೋಕೆ ಇದೇ ಸಮಯ ಸಿಕ್ತಾ ನಿಮಗೆ?"

"ಮಧ್ಯದಲ್ಲಿ ಉಸಿರು ನಿಲ್ಲುತ್ತೆ, ಅಕ್ಕಾ. ಅದನ್ನ ಅವರಿಗೆ ಹೇಳಿಲ್ಲ ನಾವು."

ಅವಳ ನಗು ಅಲ್ಲೇ ಕತ್ತರಿಸಿ ಬಿತ್ತು. ಕಾಲಿನಿಂದಲೇ ಒಂದು ಜೊತೆ ಒಳಚಪ್ಪಲಿಯನ್ನು ಗೆರೆಯಾಚೆಯಿಂದ ನನ್ನ ಕಡೆ ನೂಕಿ, ತಲೆಗೆ ಹಾಕುವ ಟೋಪಿ ಕೈಗಿಟ್ಟಳು. "ಓಡಿ. ಯಾರಾದ್ರೂ ಕೇಳಿದ್ರೆ ನಾನು ಟಾಯ್ಲೆಟ್ಟಿಗೆ ಹೋಗಿದ್ದೆ."

ಒಳಗೆ ಅರೆಗತ್ತಲು. ಕ್ಯಾಮೆರಾದ ಪರದೆ ಚೆನ್ನಾಗಿ ಕಾಣಲೆಂದು ದೀಪ ಇಳಿಸಿದ್ದರು. ನಾನು ಒಳಗೆ ಕಾಲಿಡುವುದಕ್ಕೂ ಅವರು ಅತ್ತೆಯನ್ನು ಅಂಗಾತ ಮಾಡುವುದಕ್ಕೂ ಸರಿಹೋಯಿತು. ಕೊಳವೆ ಕರುಳಿನ ತಿರುವು ದಾಟುತ್ತಿಲ್ಲವೆಂದು ಹೊಟ್ಟೆ ಡಾಕ್ಟರು ಎಡಮಗ್ಗುಲಿನಿಂದ ಬೆನ್ನಿನ ಮೇಲೆ ತಿರುಗಿಸಲು ಹೇಳಿದ್ದರು. ನಿದ್ದೆ ಮೇಡಂ ತಲೆಯ ಬಳಿ ನಿಂತಿದ್ದರು. ಮೂಗಿಗೆ ಆಕ್ಸಿಜನ್ನಿನ ಸಣ್ಣ ಕೊಳವೆ. ಬೆರಳ ಕ್ಲಿಪ್ಪಿನಲ್ಲಿ ಕೆಂಪು ಬೆಳಕು. ಯಂತ್ರ ಮೇಲುಸ್ವರದಲ್ಲಿ ಟಿಂವ್, ಟಿಂವ್ ಎನ್ನುತ್ತಿತ್ತು. ರಕ್ತದ ಆಕ್ಸಿಜನ್ ತೊಂಬತ್ತೆಂಟು.

ಒಂದು ಕ್ಷಣ ನನಗೇ ನಾಚಿಕೆಯಾಯಿತು. ಎಲ್ಲ ಸರಿಯಾಗಿದೆ, ನಾನೊಬ್ಬಳು ಹುಚ್ಚಿ.

ಆಗ ಮಿಲ್ಲು ಶುರುವಾಯಿತು. ನಮ್ಮ ಮನೆಯದೇ ಮಿಲ್ಲು. ಎರಡು ಸಲ ಎಳೆಯಿತು, ಮೂರನೆಯ ಸಲ ಅರ್ಧಕ್ಕೆ ಕಟ್ಟಿತು. ಆಮೇಲೆ ಸದ್ದಿಲ್ಲ. ಅತ್ತೆಯ ಕೈ ಹಾಸಿಗೆಯ ಮೇಲೆ ಪರಚಿದಂತೆ ಆಡಿತು, ತಲೆ ಅತ್ತಿತ್ತ ಹೊರಳಿತು.

"ಅಲ್ಲಾಡ್ತಿದ್ದಾರೆ ಮೇಡಂ" ಎಂದರು ಹೊಟ್ಟೆ ಡಾಕ್ಟರು. "ನೋವು ಗೊತ್ತಾಗ್ತಿದೆ. ಇನ್ನೊಂಚೂರು ಕೊಡಿ."

ಮೇಡಂ ಕೈಯಲ್ಲಿ ಬಿಳಿ ಔಷಧಿಯ ಸಿರಿಂಜು ಇತ್ತು.

"ಕೊಡಬೇಡಿ ಮೇಡಂ!" ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. "ಗೊರಕೆ ಮಾವಂದಲ್ಲ, ಅತ್ತೇದೇ. ಹೀಗೇ ಮಧ್ಯದಲ್ಲಿ ನಿಲ್ಲುತ್ತೆ. ನೂಕಿದ್ರೇನೇ ಮತ್ತೆ ಉಸಿರಾಡೋದು. ದಿನಾ ಹೀಗೇ ಅಂತೆ."

ಮೇಡಂ ನನ್ನನ್ನು ನೋಡಲಿಲ್ಲ. ಅವರ ಕಣ್ಣು ತೊಂಬತ್ತೆಂಟರ ಮೇಲೂ ಇರಲಿಲ್ಲ. ಅದರ ಕೆಳಗೆ ಇನ್ನೊಂದು ಗೆರೆ ಇರುತ್ತದೆ. ಹೊರಬರುವ ಉಸಿರನ್ನು ಅಳೆದು ಗುಡ್ಡ ಗುಡ್ಡವಾಗಿ ಬರೆಯುವ ಗೆರೆ. ಆ ಗುಡ್ಡಗಳು ನಿಂತು, ಗೆರೆ ನೆಲಕ್ಕೆ ಮಲಗಿತ್ತು. ಸಿರಿಂಜು ಟ್ರೇಯಲ್ಲಿ ಬಿದ್ದ ಸದ್ದಾಯಿತು.

"ಇದು ನೋವಿನ ಒದ್ದಾಟ ಅಲ್ಲ, ಉಸಿರಿಂದು. ಕೈ ತೆಗೀರಿ ಡಾಕ್ಟರ್. ಹೊಟ್ಟೆ ಒತ್ತಬೇಡಿ."

ಅತ್ತೆಯ ಎದೆ ಒಳಕ್ಕೆ ಕುಸಿಯುತ್ತಿತ್ತು, ಹೊಟ್ಟೆ ಮೇಲಕ್ಕೆ ಏಳುತ್ತಿತ್ತು. ಉಸಿರಾಡುವ ಶ್ರಮವೆಲ್ಲ ಇದೆ, ಗಾಳಿ ಮಾತ್ರ ಇಲ್ಲ. ಮೇಡಂ ಎರಡೂ ಕೈಯ ಬೆರಳುಗಳನ್ನು ದವಡೆಯ ಮೂಲೆಗೆ ಕೊಟ್ಟು ಮುಂದಕ್ಕೆ ಎತ್ತಿದರು. "ನಿಂತು ನೋಡ್ತೀರೇನು? ಹೆಗಲು ಹಿಡೀರಿ. ಎಡಕ್ಕೆ ತಿರುಗಿಸಿ!"

ನಾನು ಹೆಗಲಿಗೆ ಕೈ ಕೊಟ್ಟು ನೂಕಿದೆ. ಮೂಗಿನ ಹೊಳ್ಳೆಯೊಳಗೆ ಮೆತ್ತನೆಯ ಕೊಳವೆಯೊಂದು ಜಾರಿತು, ಮುಖಕ್ಕೆ ಮಾಸ್ಕು ಬಂತು. ಗೊರ್ ಎಂದು ಒಂದು ಉಸಿರು ಹೊರಬಿತ್ತು. ಗೆರೆಯ ಮೇಲೆ ಒಂದು ಗುಡ್ಡ ಎದ್ದಿತು, ಅದರ ಹಿಂದೆ ಇನ್ನೊಂದು.

ಯಂತ್ರದ ಸ್ವರ ಆಗ ಇಳಿಯತೊಡಗಿತು. ತೊಂಬತ್ಮೂರು. ಎಂಬತ್ತೊಂಬತ್ತು. ಒಂದೊಂದು ಟಿಂವ್ ಕೂಡ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕೆಂಪು ದೀಪ ಹೊತ್ತಿಕೊಂಡು ಬಡಿದುಕೊಳ್ಳಲು ಶುರುಮಾಡಿತು. ಎಂಬತ್ನಾಲ್ಕು.

"ಮೇಡಂ, ಉಸಿರು ಬಂತಲ್ಲ! ಯಾಕೆ ಇಳೀತಿದೆ?"

"ಇದು ಆಗಿನ ಸುದ್ದಿ. ಬೆರಳಿಗೆ ಈಗ ತಲುಪ್ತಿದೆ. ಈಗಿನ ಸುದ್ದಿ ದಾರೀಲಿದೆ."

ಎಂಬತ್ತೊಂದು. ಅತ್ತೆಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಂದೂ ಕೂದಲು ಹಾರದ ತಲೆ ನನ್ನ ಮುಂಗೈ ಮೇಲೆ ಕೆದರಿ ಬಿದ್ದಿತ್ತು. ಆ ಸುದ್ದಿ ದಾರಿಯಲ್ಲಿ ಎಲ್ಲಿ ಕೂತಿತೋ ಏನೋ. ನಾನು ಯಂತ್ರ ನೋಡುವುದನ್ನು ಬಿಟ್ಟು ಮಾಸ್ಕಿನೊಳಗೆ ಮಂಜು ಕಟ್ಟಿ ಕರಗುವುದನ್ನೇ ನೋಡಿದೆ. ಕಟ್ಟಿತು, ಕರಗಿತು. ಕಟ್ಟಿತು, ಕರಗಿತು.

ಸ್ವರ ಒಂದು ಮೆಟ್ಟಿಲು ಹತ್ತಿತು. ಇನ್ನೊಂದು. ತೊಂಬತ್ತು ದಾಟಿದಾಗ ಹೊಟ್ಟೆ ಡಾಕ್ಟರು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು, "ನಾನು ಇನ್ನೂ ಕೊಡಿ ಅಂತಿದ್ದೆ" ಎಂದರು.

"ನಾನೂ ಕೊಡ್ತಿದ್ದೆನೇನೋ" ಎಂದರು ಮೇಡಂ. ದವಡೆಯಿಂದ ಕೈ ತೆಗೆಯಲಿಲ್ಲ.

ಉಳಿದ ಕೆಲಸ ಎಡಮಗ್ಗುಲಿನಲ್ಲೇ, ಕಡಿಮೆ ಔಷಧಿಯಲ್ಲಿ, ನಿಧಾನವಾಗಿ ಮುಗಿಯಿತು. ಗಂಟು ಹೊರಬಂತು. ಅಷ್ಟು ಹೊತ್ತೂ ಮೇಡಂ ದವಡೆ ಹಿಡಿದಿದ್ದರು, ನಾನು ಹೆಗಲು ಹಿಡಿದಿದ್ದೆ. ಹೊರಗೆ ಕೈತೊಳೆಯುವ ತೊಟ್ಟಿಯ ಹತ್ತಿರ ಅವರು ಬೆರಳುಗಳನ್ನು ಮಡಚಿ ಬಿಚ್ಚಿ ಮಾಡುತ್ತಾ ನನ್ನ ಕಡೆ ತಿರುಗಿದರು.

"ನೀವೇ ನರ್ಸು. ಕೇಳಿದಾಗ ಬಾಯಿಗೆ ಏನಾಗಿತ್ತು?"

"ಮನೆ ಮರ್ಯಾದೆ ಮೇಡಂ..."

"ಮರ್ಯಾದೆಗೆ ಆಕ್ಸಿಜನ್ ಬೇಕಾಗಲ್ಲ. ಮನುಷ್ಯರಿಗೆ ಬೇಕಾಗುತ್ತೆ. ಮೊದಲೇ ಗೊತ್ತಿದ್ರೆ ಅಂಗಾತ ಮಾಡೋಕೇ ಬಿಡ್ತಿರಲಿಲ್ಲ. ಮೂಗಿನೊಳಗಿನ ಆ ಮೆತ್ತನೆ ಕೊಳವೆ ಶುರುವಿನಲ್ಲೇ ಹಾಕಿರ್ತಿದ್ದೆ." ನಲ್ಲಿ ನಿಲ್ಲಿಸಿದರು. "ಎದ್ದ ಮೇಲೆ ಅವರಿಗೆ ಹೇಳಲೇಬೇಕು. ನಿದ್ದೆಯ ಪರೀಕ್ಷೆ ಆಗಬೇಕು, ರಾತ್ರಿ ಹಾಕ್ಕೊಳ್ಳೋ ಗಾಳಿ ಮಿಷನ್ ಬೇಕಾಗಬಹುದು. ನಾಳೆ ಮಂಡಿ ಆಪರೇಷನ್ ಅಂತ ಇನ್ನೆಲ್ಲೋ ಹೋದ್ರೆ ಅಲ್ಲಿ ನಾನಿರಲ್ಲ. ಆಗಲೂ ನಮ್ಮ ಮನೆಯವರು ಹೊಡೀತಿದ್ರು ಅಂದ್ರೆ? ನಾನು ಹೇಳ್ಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ" ಎಂದೆ.

ಎಚ್ಚರವಾಗುವವರ ಕೋಣೆಯಲ್ಲಿ ಇವರು ಮಂಚದ ಒಂದು ಕಡೆ, ನಾನು ಒಂದು ಕಡೆ. ಒಳಗೆ ಆದದ್ದನ್ನು ಹೇಳಿದಾಗ ಇವರ ಮುಖ ಸುಣ್ಣವಾಗಿತ್ತು. ಆದರೂ, "ಇವತ್ತೇ ಹೇಳ್ಬೇಕಾ? ಸುಧಾರಿಸಿಕೊಳ್ಳಲಿ" ಎಂದು ಗೊಣಗಿದರು. ಅತ್ತೆ ಕಣ್ಣು ಬಿಟ್ಟವರೇ ಮೊದಲು ಕೂದಲು ಸರಿಮಾಡಿಕೊಂಡರು. ಆಮೇಲೆ ಗಲ್ಲ ಸವರಿಕೊಂಡರು.

"ಇದೇನೇ ದವಡೆ ಹೀಗೆ ನೋಯ್ತಿದೆ? ಕೊಳವೆ ಬಿಟ್ಟಿದ್ದು ಆ ತುದಿಯಿಂದ ಅಲ್ವಾ?"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ತಣ್ಣಗೆ ಎಸಿ ಇತ್ತಲ್ಲಮ್ಮ, ಹಲ್ಲು ಕಡಿದಿರ್ತೀಯ" ಎಂದರು ಇವರು.

ಅತ್ತೆ ಮಗನ ಮುಖ ನೋಡಲಿಲ್ಲ, ಕಿವಿ ನೋಡಿದರು. ಸುಳ್ಳು ಹೇಳಿದವರ ಕಿವಿ ಕೆಂಪಾಗುತ್ತದೆ, ಸಾವಿರ ಹುಡುಗಿಯರನ್ನು ಹಿಡಿದಿದ್ದೇನೆ ಎನ್ನುವುದು ಅವರ ಹಳೆಯ ಹೆಮ್ಮೆ. ಇವರ ಕಿವಿ ದಾಸವಾಳವಾಗಿತ್ತು. "ನೀನು ಸುಮ್ಮನಿರು. ನೀನು ಹೇಳೇ" ಎಂದು ನನ್ನ ಕಡೆ ತಿರುಗಿದರು.

"ಮಂಪರಿನಲ್ಲಿ ನಿಮ್ಮ ಉಸಿರು ಕಟ್ಟಿತು ಅತ್ತೆ. ಡಾಕ್ಟರು ದವಡೆ ಹಿಡಿದು ಎತ್ತಿದ್ರು. ಅದಕ್ಕೇ ನೋವು."

"ಉಸಿರು ಯಾಕೆ ಕಟ್ಟಿತು?"

"ನಾಲಿಗೆ ಹಿಂದಕ್ಕೆ ಬಿತ್ತು. ಗೊರಕೆ ಇರೋರಿಗೆ ಹಾಗಾಗುತ್ತೆ."

"ಗೊರಕೆ ನನಗಲ್ಲವಲ್ಲ. ಅವರಿಗೆ."

ಬೇಡ ಬೇಡ ಎಂದು ಇವರು ಕಣ್ಣಲ್ಲೇ ಬೇಡುತ್ತಿದ್ದರು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಬೆರಳಿನ ಕ್ಲಿಪ್ಪು ಇನ್ನೂ ಇತ್ತು.

"ಮಾವ ಹೋದ ಮೇಲೂ ಕೇಳಿಸ್ತಿದೆ ಅತ್ತೆ."

ಅವರು ಕೈ ಕಿತ್ತುಕೊಂಡರು. ಕ್ಲಿಪ್ಪು ಕಳಚಿ ಯಂತ್ರ ಒಮ್ಮೆ ಕೂಗಿ ಸುಮ್ಮನಾಯಿತು. "ಅವರಿಲ್ಲ ಅಂತ ಅವರ ಮೇಲೆ... ಏನು ಮಾತಾಡ್ತೀಯ ನೀನು? ನಲವತ್ತು ವರ್ಷ ಪಕ್ಕದಲ್ಲಿ ಮಲಗಿದೋಳು ನಾನು. ನನಗೆ ಗೊತ್ತಿಲ್ವಾ? ರಾತ್ರಿಯೆಲ್ಲ ಗೊರಕೆ, ಸಾಲದ್ದಕ್ಕೆ ಹೆಗಲಿಗೆ ತಿವಿಯೋದು ಬೇರೆ. ಕೇಳಿದ್ರೆ, ಆ ಕಡೆ ತಿರುಗು, ಜಾಗ ಸಾಲದು ಅನ್ನೋರು. ಮಂಚ ಬೇರೆ ಮಾಡೋಣ ಅಂದ್ರೆ ಅದಕ್ಕೊಂದಕ್ಕೆ ಒಪ್ಪಲಿಲ್ಲ. ಜೀವಮಾನದಲ್ಲಿ ನಾನು ಹೇಳಿದ ಒಂದು ಮಾತು ಅವರು ಮೀರಿದ್ದಿದ್ರೆ ಅದೇ..."

ಮಾತು ಅಲ್ಲಿಗೆ ನಿಂತಿತು. ಅವರ ಕಣ್ಣು ನನ್ನ ಮುಖದ ಮೇಲಿತ್ತು, ಆದರೆ ಅವರು ನೋಡುತ್ತಿದ್ದುದು ನನ್ನನ್ನಲ್ಲ.

"ಪುಟ್ಟಿಗೂ ಹೇಳಿಕೊಟ್ಟು ಹೋಗಿದ್ದಾರೆ" ಎಂದೆ. "ಗಾಡಿ ನಿಂತ್ರೆ ನೂಕು ಅಂತ."

ಪಕ್ಕದ ಮಂಚದವರು ಕೆಮ್ಮಿದರು. ಯಾರೋ ಟ್ರೇ ಹಿಡಿದು ಹೋದರು. ಅತ್ತೆ ಗಲ್ಲವನ್ನು ಸವರುತ್ತಲೇ ಇದ್ದರು.

"ಅದಕ್ಕೇನಾ ಅವರು ಕಿವಿ ಮುಚ್ಕೋತಿದ್ದಿದ್ದು?" ಎಂದರು ಕೊನೆಗೆ. ಇವರು ತಮ್ಮ ಕೆಂಪು ಕಿವಿಯನ್ನು ಮುಟ್ಟಿಕೊಂಡರು. "ಹಾಗಾದ್ರೆ ಅವರು ಮಲಗ್ತಿದ್ದಿದ್ದು ಯಾವಾಗ?"

ಪೇಪರು ಮುಖದ ಮೇಲೆ ಹಾಕಿಕೊಂಡು ಆರಾಮಕುರ್ಚಿಯಲ್ಲಿ ಮಧ್ಯಾಹ್ನವಿಡೀ ನಿದ್ದೆ ಮಾಡುತ್ತಿದ್ದ ಮಾವ ಮೂವರಿಗೂ ಕಂಡಿರಬೇಕು. ಸೋಮಾರಿ ಎಂದು ಅತ್ತೆ ಬೈಯುತ್ತಿದ್ದುದೂ ಕೇಳಿಸಿರಬೇಕು.

ನಿದ್ದೆ ಮೇಡಂ ಬಂದರು. ನನ್ನ ಮುಖ ನೋಡಿ ವಿಷಯ ತಿಳಿದುಕೊಂಡರು. ಕ್ಲಿಪ್ಪು ಮತ್ತೆ ಬೆರಳಿಗೆ ಸಿಕ್ಕಿಸಿ, "ಹೇಗಿದ್ದೀರಿ ಹೆಡ್‌ಮೇಡಂ?" ಎಂದರು.

ಅತ್ತೆ ದಿಂಬಿಗೆ ಒರಗಿ ಬೆನ್ನು ನೇರ ಮಾಡಿಕೊಂಡರು. "ಬೆಳಿಗ್ಗೆ ನಾನು ಒಂದು ತಪ್ಪು ಉತ್ತರ ಕೊಟ್ಟಿದ್ದೆ. ತಿದ್ದಿಕೊಳ್ಳಿ. ಗೊರಕೆ ನಾನು ಹೊಡೀತೀನಿ. ಜೋರಾಗಿಯೇ ಇರಬೇಕು. ನಡುವೆ ಉಸಿರೂ ನಿಲ್ಲುತ್ತಂತೆ."

"ಬರ್ಕೊಂಡಿದ್ದೀನಿ."

"ನಮ್ಮ ಮನೆಯವರಿಗೆ ಇರಲಿಲ್ಲ. ಅದನ್ನೂ ಬರ್ಕೊಳ್ಳಿ."

ಮೇಡಂ ಜೇಬಿನಿಂದ ಪೆನ್ನು ತೆಗೆದು ನಿಜವಾಗಿಯೂ ಬರೆದುಕೊಂಡರು.

ಅವರು ಹೋದ ಮೇಲೆ ಅತ್ತೆ ಮಗನಿಗೆ, "ನಿನ್ನ ಸೋದರತ್ತೆಗೆ ಫೋನ್ ಹಚ್ಚಿಕೊಡು. ಮರದ ಮಿಲ್ಲು ಅಂತ ಎ‌ಲ್ಲರ ಮುಂದೆ ನಗೋಳು ಅವಳೇ" ಎಂದರು. "ಆಮೇಲಮ್ಮ" ಎಂದರು ಇವರು. "ಆಮೇಲೆ ಅಲ್ಲ, ಮನೆಗೆ ಹೋಗೋ ಮುಂಚೆ" ಎಂದರು. ಅಷ್ಟರಲ್ಲಿ ಔಷಧಿಯ ಉಳಿಕೆ ಮತ್ತೆ ಕಣ್ಣೆಳೆಯಿತು. ಅತ್ತೆ ತಾವಾಗಿಯೇ ಎಡಕ್ಕೆ ಹೊರಳಿದರು. ಅಷ್ಟು ಕಿರಿದಾದ ಮಂಚದಲ್ಲೂ ಅಂಚಿಗೆ ಸರಿದು, ಬೆನ್ನ ಹಿಂದೆ ಜಾಗ ಬಿಟ್ಟು ಮಲಗಿದರು.

ನಾನು ಕೂತಿರಲಾರದೆ ಎದ್ದು ನಿಂತೆ. ಟಿಂವ್ ಟಿಂವ್ ಸರಿಯಾಗಿಯೇ ಇತ್ತು. ಆದರೂ ಕಿವಿ ಅದರ ಮೇಲಿರಲಿಲ್ಲ. ಸಣ್ಣಗೆ ಮಿಲ್ಲು ಶುರುವಾಯಿತು. ನಡೆಯಿತು. ತಡೆಯಿತು. ನನ್ನ ಕೈ ಹೆಗಲಿಗೆ ಹೋಯಿತು.

"ತಿವೀಬೇಡ" ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ಎಚ್ಚರವಾಗೇ ಇದ್ದೀನಿ."

ನಾನು ಕೈ ತೆಗೆಯಲಿಲ್ಲ. ಅವರೂ ತೆಗೆ ಎನ್ನಲಿಲ್ಲ.